ಸೆಲ್ಫ್ ಹೋಗಿದೆ ಎನ್ನುವ ಮೊದಲು

ತಮ್ಮ: ಅಕ್ಕಾ, ಕೀ ತಿರುಗಿಸಿದಾಗ ‘ಟಕ್’ ಅಂತ ಒಂದೇ ಸದ್ದು ಬಂದು ಎಂಜಿನ್ ಅಲುಗಾಡದೆ ಇದ್ದರೆ ಸೆಲ್ಫ್ ಹೋಗಿದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಬಿಚ್ಚಿಸಿ ಬೇರೆ ಹಾಕಿಸಿದರೆ ಕೆಲಸ ಮುಗಿಯಿತು. ಅದಕ್ಕಾಗಿ ಮನೆ ಮುಂದೆ ಬಾನೆಟ್ ಎತ್ತಿ, ಮೀಟರ್ ಹಿಡಿದು, ಅರ್ಧ ದಿನ ಕಳೆಯುವ ಅಗತ್ಯವೇನಿದೆ?

ಅಕ್ಕ: ‘ಟಕ್ ಅಂದಿತು, ತಿರುಗಲಿಲ್ಲ’ ಎನ್ನುವುದು ಕಂಡದ್ದು. ‘ಸೆಲ್ಫ್ ಹೋಗಿದೆ’ ಎನ್ನುವುದು ತೀರ್ಪು. ಒಂದರಿಂದ ಇನ್ನೊಂದಕ್ಕೆ ಹಾಗೆ ಜಿಗಿಯಬಾರದು ಎನ್ನುವುದೇ ನನ್ನ ವಾದ. ಸೆಲ್ಫಿಗೆ, ಅಂದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ, ಕರೆಂಟು ಹೋಗಿ ಬರುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲೇ ನಡೆದು ನೋಡು. ಬ್ಯಾಟರಿಯ ಸೀಸದ ಕಂಬ, ಅದನ್ನು ಅಪ್ಪಿ ಹಿಡಿದ ಕ್ಲ್ಯಾಂಪು, ಅಲ್ಲಿಂದ ಹೊರಟ ದಪ್ಪ ಕೇಬಲ್ಲು, ಕೇಬಲ್ಲಿನ ತುದಿಯ ಲಗ್ಗು, ಸೆಲ್ಫಿನ ಮೇಲಿನ ಸ್ವಿಚ್ಚಾದ ಸೊಲೆನಾಯ್ಡಿನ ತಾಮ್ರದ ಬೋಲ್ಟು, ಒಳಗೆ ಬಂದು ಕೂರುವ ತಾಮ್ರದ ಬಿಲ್ಲೆ, ಆಚೆಯ ಬೋಲ್ಟು, ಕಾರ್ಬನ್ ಬ್ರಷ್ಷು, ಕಮ್ಯುಟೇಟರು, ಆರ್ಮೇಚರು, ಮತ್ತೆ ಬ್ರಷ್ಷು, ಸೆಲ್ಫಿನ ಮೈ, ಎಂಜಿನ್ ಬ್ಲಾಕು, ಅಲ್ಲಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ, ಕೊನೆಗೆ ಬ್ಯಾಟರಿಯ ನೆಗೆಟಿವ್. ಇಷ್ಟರಲ್ಲಿ ಅರ್ಧದಷ್ಟು ಜಾಗಗಳು ಸೆಲ್ಫಿನ ಹೊರಗಿವೆ. ಅವುಗಳಲ್ಲಿ ಯಾವುದು ಕೈಕೊಟ್ಟರೂ ಚಾಲಕನಿಗೆ ಕಾಣುವ ಫಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸೆಲ್ಫನ್ನು ದೂರುವ ಮೊದಲು ಅದರ ಬೋಲ್ಟಿನ ಮೇಲೆ, ಅದನ್ನು ದುಡಿಯಲು ಕೇಳಿದ ಆ ಗಳಿಗೆಯಲ್ಲೇ, ಎಷ್ಟು ವೋಲ್ಟ್ ಬಂದು ತಲುಪಿತು ಎಂದು ಅಳೆಯಲೇಬೇಕು. ಆ ಅಳತೆಗೆ ಮನೆಗಿಂತ ಒಳ್ಳೆಯ ಜಾಗ ಇಲ್ಲ.

ತಮ್ಮ: ಮನೆಗಿಂತ ಒಳ್ಳೆಯ ಜಾಗ ಇಲ್ಲವೆಂದರೆ ಹೇಗೆ? ಗ್ಯಾರೇಜಿನಲ್ಲಿ ಉಪಕರಣ ಇದೆ, ಲಿಫ್ಟ್ ಇದೆ, ಇಪ್ಪತ್ತು ವರ್ಷ ಇದನ್ನೇ ಮಾಡಿದ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ.

ಅಕ್ಕ: ಎಲ್ಲ ಇದೆ, ಆದರೆ ದೋಷ ಅಲ್ಲಿ ಇರುವುದಿಲ್ಲ. ರಾತ್ರಿಯಿಡೀ ತಣ್ಣಗೆ ನಿಂತ ಕಾರು ಬೆಳಿಗ್ಗೆ ಹೊರಡುವುದಿಲ್ಲ. ನಾಲ್ಕು ಜನ ಸೇರಿ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿ, ಗ್ಯಾರೇಜಿಗೆ ಒಯ್ಯುತ್ತಾರೆ. ದಾರಿಯಲ್ಲಿ ಆಲ್ಟರ್ನೇಟರು ಬ್ಯಾಟರಿಗೆ ಚಾರ್ಜ್ ತುಂಬುತ್ತದೆ, ಎಂಜಿನ್ ಬಿಸಿಯಾಗಿ ಎಣ್ಣೆ ತೆಳುವಾಗುತ್ತದೆ, ಗುಂಡಿಗಳ ಮೇಲಿನ ಕುಲುಕಾಟಕ್ಕೆ ಸಡಿಲ ಕ್ಲ್ಯಾಂಪೂ ಹೊಸ ಜಾಗ ಹಿಡಿದು ಕೂರುತ್ತದೆ. ಎಲೆಕ್ಟ್ರಿಷಿಯನ್ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ. ಅವರಿಗೆ ಉಳಿಯುವುದು ನಿನ್ನ ಮಾತು, ಅವರ ಊಹೆ, ಇವೆರಡೇ. ಆ ಊಹೆ ಅನುಭವದಿಂದ ಬಂದದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಮುಂದೆ ಸಾಕ್ಷ್ಯವೇ ಇಲ್ಲದಿರುವಾಗ ಎಷ್ಟು ದೊಡ್ಡ ಅನುಭವವೂ ಊಹೆಯಾಗಿಯೇ ಉಳಿಯುತ್ತದೆ. ದೋಷ ಬೆಳಗಿನ ಆರು ಗಂಟೆಗೆ ಮನೆ ಮುಂದೆ ಕಾಣಿಸಿಕೊಂಡರೆ, ಆರು ಗಂಟೆಗೆ ಅಲ್ಲಿರುವುದು ನೀನು. ಹಾಗೆಂದು ಆ ತಳ್ಳಾಟ ಪೂರ್ತಿ ವ್ಯರ್ಥವಲ್ಲ, ಅದೂ ಒಂದು ಪರೀಕ್ಷೆಯೇ. ತಳ್ಳಿದ ಕೂಡಲೇ ಎಂಜಿನ್ ಹೊತ್ತಿಕೊಂಡಿತು ಎಂದರೆ ಪೆಟ್ರೋಲು, ಕಿಡಿ, ಎಂಜಿನ್ ಮೂರೂ ಸರಿ. ದೋಷ ಎಂಜಿನ್ನನ್ನು ತಿರುಗಿಸುವ ಏರ್ಪಾಟಿನಲ್ಲಿದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಈಗಿನ ಇಂಜೆಕ್ಷನ್ ಕಾರು ತಳ್ಳಿದರೂ ಹೊತ್ತುವುದಿಲ್ಲ, ಆಟೊಮ್ಯಾಟಿಕ್ ಗೇರಿನದನ್ನು ತಳ್ಳಲೇಬಾರದು.

ತಮ್ಮ: ಸರಿ, ಆದರೆ ಒಂದು ಸರಳ ಪರೀಕ್ಷೆ ಎಲ್ಲರೂ ಮಾಡುತ್ತಾರಲ್ಲ. ಹೆಡ್‌ಲೈಟ್ ಹಾಕಿ ನೋಡುವುದು. ಅದು ಪ್ರಖರವಾಗಿ ಉರಿದರೆ ಬ್ಯಾಟರಿ ಸರಿ, ವೈರಿಂಗ್ ಸರಿ, ಇನ್ನು ಉಳಿದದ್ದು ಸೆಲ್ಫ್.

ಅಕ್ಕ: ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿಯೇ, ಅದಕ್ಕೇ ಸ್ವಲ್ಪ ಲೆಕ್ಕ ಮಾಡೋಣ. ಹ್ಯಾಲೊಜೆನ್ ಬಲ್ಬು ಒಂದಕ್ಕೆ 55ರಿಂದ 60 ವ್ಯಾಟ್. ಎರಡೂ ಸೇರಿ 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 10 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಎಂಜಿನ್ನನ್ನು ತಿರುಗಿಸುವಾಗ 100ರಿಂದ 200 ಆಂಪಿಯರ್ ಎಳೆಯುತ್ತದೆ. ಡೀಸೆಲ್ ಆದರೆ ಇನ್ನೂ ಹೆಚ್ಚು. ಬ್ಯಾಟರಿ ಕ್ಲ್ಯಾಂಪಿನಲ್ಲಿ ಬಿಳಿ ಪುಡಿ ಕಟ್ಟಿ ಅಲ್ಲಿ 0.02 ಓಮ್‌ನಷ್ಟು ತಡೆ ಹುಟ್ಟಿದೆ ಎಂದುಕೋ. ಹೆಡ್‌ಲೈಟಿನ 10 ಆಂಪಿಯರ್ ಅದರ ಮೂಲಕ ಹೋದರೆ ಕಳೆದುಹೋಗುವುದು 0.2 ವೋಲ್ಟ್, ಕಣ್ಣಿಗೆ ವ್ಯತ್ಯಾಸ ತಿಳಿಯದು. ಅದೇ ಜಾಗದಲ್ಲಿ ಸೆಲ್ಫಿನ 150 ಆಂಪಿಯರ್ ಹೋಗಬೇಕೆಂದರೆ 3 ವೋಲ್ಟ್ ಅಲ್ಲೇ ಸತ್ತುಹೋಗುತ್ತದೆ. ಆ ಮೂರು ವೋಲ್ಟ್, 150 ಆಂಪಿಯರ್ ಗುಣಿಸಿದರೆ 450 ವ್ಯಾಟ್ ಬಿಸಿ; ಸೆಲ್ಫ್ ಹೊಡೆದು ಸೋತ ಮೇಲೆ ಕ್ಲ್ಯಾಂಪು ಮುಟ್ಟಿದರೆ ಬೆಚ್ಚಗಿರುವುದು ಇದಕ್ಕೇ. ಹಾಗಾಗಿ ಹೆಡ್‌ಲೈಟ್ ಉರಿಯಿತು ಎನ್ನುವುದು ಹತ್ತು ಆಂಪಿಯರಿಗೆ ದಾರಿ ಇದೆ ಎಂಬುದಕ್ಕೆ ಸಾಕ್ಷಿ, ನೂರೈವತ್ತಕ್ಕೆ ಸಾಕ್ಷಿಯಾಗದು. ಆದರೆ ಅದೇ ದೀಪವನ್ನು ಉರಿಸಿಟ್ಟು ಕೀ ತಿರುಗಿಸಿದರೆ ಅದು ತುಂಬ ಉಪಯೋಗದ ಸಾಧನ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಸೊರಗಿದೆ, ಅಥವಾ ಬ್ಯಾಟರಿಯ ಬಾಯಲ್ಲೇ ಕನೆಕ್ಷನ್ ಕೆಟ್ಟಿದೆ, ಅಥವಾ ಸೆಲ್ಫ್ ಬಿಗಿದುಕೊಂಡು ವಿಪರೀತ ಎಳೆಯುತ್ತಿದೆ. ದೀಪ ಒಂದಿಷ್ಟೂ ಕುಗ್ಗದೆ ಉರಿಯುತ್ತಲೇ ಇದ್ದರೆ ದೊಡ್ಡ ಕರೆಂಟು ಹರಿಯಲೇ ಇಲ್ಲ, ದಾರಿಯಲ್ಲಿ ಎಲ್ಲೋ ತುಂಡಾಗಿದೆ. ಒಂದು ಕಾಸು ಖರ್ಚಿಲ್ಲದೆ ಸಂದೇಹ ಅರ್ಧಕ್ಕೆ ಇಳಿಯಿತು.

ತಮ್ಮ: ಹಾಗಾದರೆ ಮೀಟರನ್ನು ಓಮ್‌ಗೆ ಇಟ್ಟು ಆ ಕ್ಲ್ಯಾಂಪಿನ ತಡೆಯನ್ನೇ ಅಳೆದುಬಿಡಬಹುದಲ್ಲ?

ಅಕ್ಕ: ಆಗದು. ಸಾಮಾನ್ಯ ಮಲ್ಟಿಮೀಟರಿನ ವೈರುಗಳ ತಡೆಯೇ 0.02 ಓಮ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಸಣ್ಣ ತಡೆಯನ್ನು ನೇರ ಅಳೆಯಲು ಹೋಗದೆ, ದೊಡ್ಡ ಕರೆಂಟು ಹರಿಯುವಾಗ ಅದು ತಿನ್ನುವ ವೋಲ್ಟನ್ನು ಅಳೆಯಬೇಕು. ಇನ್ನೂ ಒಂದು ಎಚ್ಚರ: ಮೀಟರನ್ನು ಆಂಪಿಯರ್‌ಗೆ ಇಟ್ಟು ಸೆಲ್ಫಿನ ಕರೆಂಟು ಅಳೆಯಲು ಹೋಗಬೇಡ, 10 ಆಂಪಿಯರಿನ ಫ್ಯೂಸ್ ಹಾರಿಹೋಗುತ್ತದೆ. ಮೀಟರು 20 ವೋಲ್ಟ್ ಡಿ.ಸಿ.ಯಲ್ಲೇ ಇರಲಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ನಿಧಾನವಾಗಿ ಅಳೆಯಬಹುದು. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಮೀಟರು ಓದಬೇಕು. ಮೊದಲು ಬ್ಯಾಟರಿ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕೆ ಇಳಿದಿದ್ದರೆ ಅದನ್ನು ಚಾರ್ಜ್ ಮಾಡದೆ ಮುಂದಿನ ಯಾವ ಅಳತೆಯನ್ನೂ ನಂಬಬೇಡ. ಆಮೇಲೆ ಕೀ ತಿರುಗಿಸುತ್ತಲೇ ನೋಡು: ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಸುಮ್ಮನಿದ್ದಾಗ 12.6 ತೋರಿಸಿ, ಹೊಡೆಯುವಾಗ 7ಕ್ಕೆ ಕುಸಿಯುವ ಬ್ಯಾಟರಿಗಳಿವೆ; ಒಳಗಿನ ಪ್ಲೇಟುಗಳು ಸತ್ತಿರುತ್ತವೆ. ಕುಸಿತಕ್ಕೆ ಕಾರಣ ಬ್ಯಾಟರಿಯೋ ಸೆಲ್ಫೋ ಎಂದು ಅನುಮಾನ ಬಂದರೆ ಇನ್ನೊಂದು ಕಾರಿನ ಒಳ್ಳೆಯ ಬ್ಯಾಟರಿಯಿಂದ ಜಂಪರ್ ಕೇಬಲ್ ಕೊಟ್ಟು ನೋಡು. ಅದನ್ನೂ ಕುಸಿಯುವಂತೆ ಎಳೆದರೆ ಸೆಲ್ಫ್ ಅಥವಾ ಎಂಜಿನ್ ಬಿಗಿದಿದೆ.

ಬ್ಯಾಟರಿ ಸರಿಯಿದ್ದರೆ ಈಗ ದಾರಿಯನ್ನು ತುಂಡುತುಂಡಾಗಿ ಅಳೆಯಬೇಕು. ಮೀಟರಿನ ಕೆಂಪು ಮುಳ್ಳು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ. ಕ್ಲ್ಯಾಂಪಿನ ಮೇಲಿಟ್ಟರೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ದೋಷವೇ ಲೆಕ್ಕದಿಂದ ತಪ್ಪಿಹೋಗುತ್ತದೆ. ಕಪ್ಪು ಮುಳ್ಳು ಸೊಲೆನಾಯ್ಡಿನ ಮೇಲೆ ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿನ ಮೇಲೆ. ಸುಮ್ಮನಿದ್ದಾಗ ಸೊನ್ನೆ ತೋರಿಸುತ್ತದೆ. ಕೀ ತಿರುಗಿಸಿದಾಗ 0.5 ವೋಲ್ಟಿನೊಳಗೆ ಇದ್ದರೆ ಕೇಬಲ್ ಸರಿ. 2 ವೋಲ್ಟ್ ತೋರಿಸಿದರೆ ಆ ದಾರಿಯಲ್ಲೇ ಎರಡು ವೋಲ್ಟ್ ಸೋರುತ್ತಿದೆ. ಇದೇ ಕೆಲಸ ಅರ್ಥಿನ ಕಡೆ: ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫಿನ ಮೈಮೇಲೆ, ತುಕ್ಕು ಕೆರೆದ ಶುದ್ಧ ಲೋಹದ ಮೇಲೆ. ಅಲ್ಲಿ 0.3ರೊಳಗೆ ಇರಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡಾಡುವ ಕಾರುಗಳಲ್ಲಿ ನಾನು ಮೊದಲು ಅನುಮಾನಿಸುವುದು ಈ ಅರ್ಥ್ ಪಟ್ಟಿಯನ್ನು. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುತ್ತದೆ, ಬಾಡಿಗೂ ಅದಕ್ಕೂ ಲೋಹದ ಸಂಬಂಧ ಇರುವುದು ಬಹುತೇಕ ಆ ಪಟ್ಟಿಯಿಂದಲೇ. ಅದು ಕಣ್ಣಿಗೆ ಬೀಳದ ಕೆಳಜಾಗದಲ್ಲಿ ಇರುತ್ತದೆ, ಕೆಸರು ಸಿಡಿಯುವುದೂ ಅಲ್ಲಿಗೇ, ಎಂಜಿನ್ ಅಲುಗಾಡಿದಾಗೆಲ್ಲ ಬಾಗುವುದೂ ಅದೇ. ಜಂಪರ್ ಕೇಬಲ್ ಒಂದನ್ನು ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ನೇರ ಹಿಡಿದಾಗ ಸತ್ತಂತಿದ್ದ ಸೆಲ್ಫ್ ಚುರುಕಾಗಿ ಹೊಡೆದರೆ ಬೇರೆ ಪುರಾವೆ ಬೇಕಿಲ್ಲ.

ತಮ್ಮ: ನಿನ್ನ ವಾದಕ್ಕೆ ಒಂದು ಗಟ್ಟಿ ಎದುರುಮಾತು ಇದೆ. ಸೆಲ್ಫ್ ಬದಲಾಯಿಸಿದ ಮೇಲೆ ಕಾರು ಸ್ಟಾರ್ಟ್ ಆಗುತ್ತದೆ. ಸಾವಿರಾರು ಕಾರುಗಳಲ್ಲಿ ಹೀಗೆ ಆಗಿದೆ. ಫಲವೇ ಪ್ರಮಾಣ ಅಲ್ಲವೇ?

ಅಕ್ಕ: ಆ ಫಲ ಹೇಗೆ ಬಂತು ಎಂದು ನೋಡು. ಸೆಲ್ಫ್ ಬಿಚ್ಚಬೇಕಾದರೆ ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಹಾಕುವಾಗ ಅದನ್ನು ಒರೆಸಿ ಬಿಗಿಯುತ್ತಾರೆ. ಸೊಲೆನಾಯ್ಡಿನ ಬೋಲ್ಟಿನಿಂದ ಕೇಬಲ್ ಬಿಚ್ಚಿ, ಲಗ್ಗನ್ನು ಉಜ್ಜಿ, ಮತ್ತೆ ಬಿಗಿಯುತ್ತಾರೆ. ಸೆಲ್ಫಿನ ಮೈ ಗೇರ್‌ಬಾಕ್ಸಿಗೆ ತಾಗುವ ಮುಖ ಒರೆಸಿಕೊಳ್ಳುತ್ತದೆ, ಅರ್ಥ್ ಸುಧಾರಿಸುತ್ತದೆ. ಎರಡು ದಿನ ಗ್ಯಾರೇಜಿನಲ್ಲಿದ್ದ ಕಾರಿನ ಬ್ಯಾಟರಿಗೆ ಚಾರ್ಜನ್ನೂ ಕೊಟ್ಟಿರುತ್ತಾರೆ. ಅಂದರೆ ಸೆಲ್ಫ್ ಬದಲಿಸುವ ಒಂದು ಕೆಲಸದೊಳಗೆ ನಾಲ್ಕೈದು ರಿಪೇರಿ ಅಡಗಿವೆ. ಕಾರು ಸ್ಟಾರ್ಟ್ ಆದಾಗ ಅವುಗಳಲ್ಲಿ ಯಾವುದು ರೋಗ ವಾಸಿ ಮಾಡಿತು ಎಂದು ಹೇಳುವುದು ಹೇಗೆ? ಹಳೆಯ ಸೆಲ್ಫನ್ನು ಬೆಂಚಿನ ಮೇಲಿಟ್ಟು ಪರೀಕ್ಷಿಸಿ, ಅದು ನಿಜವಾಗಿಯೂ ತಿರುಗಲಿಲ್ಲ ಎಂದು ಕಂಡರೆ ಮಾತ್ರ ಅದು ಕೆಟ್ಟಿತ್ತು ಎನ್ನಬಹುದು. ಆ ಪರೀಕ್ಷೆ ಆಗದೇ ಇದ್ದರೆ ಹೊಸ ಸೆಲ್ಫಿನ ಯಶಸ್ಸು ಹಳೆಯದರ ತಪ್ಪಿಗೆ ಪುರಾವೆಯಾಗದು. ಉಜ್ಜಿದ ಲಗ್ಗಿಗೆ ಕೆಲವು ತಿಂಗಳಲ್ಲಿ ಮತ್ತೆ ತುಕ್ಕು ಹಿಡಿದು ‘ಹೊಸ ಸೆಲ್ಫೂ ಹೋಯಿತು’ ಎನ್ನುವ ಮಾತು ಹುಟ್ಟುವುದಕ್ಕೂ ಇದೇ ಮೂಲ.

ತಮ್ಮ: ಸುತ್ತಿಗೆಯ ಪರೀಕ್ಷೆ? ಸೆಲ್ಫಿನ ಮೇಲೆ ಎರಡು ಏಟು ಕೊಟ್ಟರೆ ಹೊಡೆಯತೊಡಗುತ್ತದೆ. ಅದು ಸೆಲ್ಫಿನದೇ ದೋಷ ಅಂತ ತೋರಿಸುತ್ತದಲ್ಲ?

ಅಕ್ಕ: ಬಹುಮಟ್ಟಿಗೆ ತೋರಿಸುತ್ತದೆ, ಒಪ್ಪುತ್ತೇನೆ. ಬ್ರಷ್ ಸವೆದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತಡ ಅದಕ್ಕೆ ಸಾಲದು, ಕಮ್ಯುಟೇಟರಿನಿಂದ ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. ಏಟಿಗೆ ಒಮ್ಮೆ ಅಲುಗಿ ತಾಗುತ್ತದೆ. ಸೊಲೆನಾಯ್ಡಿನೊಳಗೆ ಸುಟ್ಟ ತಾಮ್ರದ ಬಿಲ್ಲೆಯೂ ಹೀಗೆಯೇ ಸ್ವಲ್ಪ ಕದಲಿ ಒಳ್ಳೆಯ ಮುಖ ಕೊಡುತ್ತದೆ. ಆದ್ದರಿಂದ ಮೆಲ್ಲನೆ ತಟ್ಟಿದಾಗ ಎದ್ದ ಸೆಲ್ಫು ‘ನನ್ನ ಬ್ರಷ್ ನೋಡು’ ಎಂದು ಹೇಳಿದಂತೆಯೇ. ಆದರೆ ಅದನ್ನು ಪರಿಹಾರ ಎಂದುಕೊಳ್ಳಬಾರದು, ಜೋರಾಗಿ ಹೊಡೆಯಲೂಬಾರದು. ಈಗಿನ ಸಣ್ಣ ಕಾರುಗಳ ಸೆಲ್ಫಿನಲ್ಲಿ ಫೀಲ್ಡ್ ಕಾಯಿಲ್ ಬದಲು ಶಾಶ್ವತ ಅಯಸ್ಕಾಂತಗಳಿರುತ್ತವೆ. ಪಿಂಗಾಣಿಯ ಜಾತಿಯ ಗಡಸು ವಸ್ತು. ಸುತ್ತಿಗೆಯ ಏಟಿಗೆ ಅವು ಬಿರುಕು ಬಿಟ್ಟರೆ ಚೂರುಗಳು ಆರ್ಮೇಚರಿಗೆ ಸಿಕ್ಕಿ, ಬ್ರಷ್ಷಿನ ಸಣ್ಣ ಖರ್ಚು ಪೂರ್ತಿ ಸೆಲ್ಫಿನ ಖರ್ಚಾಗುತ್ತದೆ.

ತಮ್ಮ: ಅನುಭವಿಗಳು ಸದ್ದಿನಲ್ಲೇ ಹೇಳುತ್ತಾರೆ. ಅದಕ್ಕೆ ಬೆಲೆ ಇಲ್ಲವೇ?

ಅಕ್ಕ: ಬೆಲೆ ಇದೆ, ಸದ್ದು ಹುಟ್ಟುವ ಕಾರಣ ತಿಳಿದರೆ ಇನ್ನೂ ಹೆಚ್ಚು ಬೆಲೆ ಇದೆ. ಸೊಲೆನಾಯ್ಡಿನಲ್ಲಿ ಎರಡು ಕಾಯಿಲ್ ಇವೆ. ಒಂದು ಬಲವಾಗಿ ಎಳೆಯುವುದು, ಇನ್ನೊಂದು ಎಳೆದದ್ದನ್ನು ಹಿಡಿದು ನಿಲ್ಲಿಸುವುದು. ಕೀಯಿಂದ ಸಣ್ಣ ವೈರಿನ ಮೂಲಕ ಕರೆಂಟು ಬಂದಾಗ ಎರಡೂ ಸೇರಿ ಒಳಗಿನ ಕಬ್ಬಿಣದ ದಿಂಡನ್ನು ಎಳೆಯುತ್ತವೆ. ಆ ದಿಂಡು ಒಂದು ಕಡೆ ಸನ್ನೆಯ ಮೂಲಕ ಪಿನಿಯನ್ ಗೇರನ್ನು ಮುಂದೆ ತಳ್ಳಿ ಫ್ಲೈವೀಲಿನ ರಿಂಗ್ ಗೇರಿಗೆ ಸೇರಿಸುತ್ತದೆ, ಇನ್ನೊಂದು ಕಡೆ ತಾಮ್ರದ ಬಿಲ್ಲೆಯನ್ನು ಎರಡು ಬೋಲ್ಟುಗಳಿಗೆ ಒತ್ತುತ್ತದೆ. ಹಲ್ಲು ಸೇರಿದ ಮೇಲೆ ದೊಡ್ಡ ಕರೆಂಟು. ಬ್ಯಾಟರಿ ಸೊರಗಿದ್ದರೆ ಬಿಲ್ಲೆ ತಾಗಿದ ಕ್ಷಣ ವೋಲ್ಟ್ ಕುಸಿದು, ಹಿಡಿಯುವ ಕಾಯಿಲ್ ಕೈಬಿಡುತ್ತದೆ, ಸ್ಪ್ರಿಂಗು ಹಿಂದೆ ತಳ್ಳುತ್ತದೆ, ಹೊರೆ ಇಳಿದು ವೋಲ್ಟ್ ಏರುತ್ತದೆ, ಮತ್ತೆ ಎಳೆಯುತ್ತದೆ. ‘ಟಕಟಕಟಕ’ ಎಂದು ಕೇಳುವುದು ಇದು, ಹಾಗಾಗಿ ಆ ಸದ್ದಿಗೆ ಬ್ಯಾಟರಿಯನ್ನೂ ಅದರ ಕ್ಲ್ಯಾಂಪನ್ನೂ ಮೊದಲು ನೋಡಬೇಕು. ಒಂದೇ ‘ಟಕ್’ ಬಂದು ನಿಂತರೆ ಹಿಡಿಯುವ ಕಾಯಿಲಿಗೆ ಬೇಕಾದಷ್ಟು ವೋಲ್ಟ್ ಇದೆ ಎಂದಾಯಿತು; ಬಿಲ್ಲೆಯ ಆಚೆಗೆ ಕರೆಂಟು ದಾಟುತ್ತಿಲ್ಲ, ಅಥವಾ ದಾಟಿದರೂ ತಿರುಗಲಾಗುತ್ತಿಲ್ಲ. ‘ಗಿರ್ರ್’ ಎಂದು ಸೆಲ್ಫ್ ಮಾತ್ರ ತಿರುಗಿ ಎಂಜಿನ್ ತಿರುಗದಿದ್ದರೆ ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಎಂದು ಕರೆಯುವ ಭಾಗದಲ್ಲಿರುವ, ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚು ಜಾರುತ್ತಿದೆ. ಕರಕರ ಉಜ್ಜಿದರೆ ಹಲ್ಲುಗಳು ಸವೆದಿವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಕಂಪ್ರೆಷನ್ನಿನಿಂದಾಗಿ ಹೆಚ್ಚಾಗಿ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ, ರಿಂಗ್ ಗೇರಿನ ಅದೇ ಹಲ್ಲುಗಳು ಸವೆಯುತ್ತವೆ. ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಕಾರನ್ನು ಕೈಯಿಂದ ಒಂದಿಷ್ಟು ಮುಂದೆ ತಳ್ಳಿ, ನ್ಯೂಟ್ರಲ್ಲಿಗೆ ತಂದು ಹೊಡೆದಾಗ ಹಿಡಿದರೆ ಅನುಮಾನ ಖಚಿತ.

ಕಿವಿ ಮೋಸ ಹೋಗುವುದು ಮೌನದಲ್ಲಿ. ಕೀ ತಿರುಗಿಸಿದರೆ ಏನೂ ಕೇಳಿಸದಿದ್ದರೆ ಸ್ವಿಚ್ಚು, ರಿಲೇ, ಫ್ಯೂಸ್ ಎಂದು ಎಲ್ಲರೂ ಹೊರಗೇ ಹುಡುಕುತ್ತಾರೆ. ಆದರೆ ಎಳೆಯುವ ಕಾಯಿಲಿನ ಅರ್ಥ್ ನೇರವಾಗಿ ಮೈಗೆ ಹೋಗಿಲ್ಲ, ಮೋಟಾರಿನ ಬ್ರಷ್ಷುಗಳ ಮೂಲಕ ಹೋಗಿದೆ. ಬ್ರಷ್ಷು ಪೂರ್ತಿ ಬಿಟ್ಟುಕೊಂಡರೆ ಆ ಕಾಯಿಲಿಗೆ ದಾರಿಯೇ ಇಲ್ಲ. ‘ಟಕ್’ ಕೂಡ ಬರದೇ ಇರಬಹುದು. ಹಾಗಾಗಿ ಮೌನಕ್ಕೂ ಮೀಟರೇ ಬೇಕು. ಸೊಲೆನಾಯ್ಡಿನ ಸಣ್ಣ ವೈರಿನ ಟರ್ಮಿನಲ್ಲಿಗೆ, ಹಲವು ಸೆಲ್ಫುಗಳಲ್ಲಿ ಅದರ ಪಕ್ಕ 50 ಎಂದು ಕೊರೆದಿರುತ್ತದೆ, ಕೀ ತಿರುಗಿಸಿದಾಗ ಬ್ಯಾಟರಿಯಷ್ಟೇ ವೋಲ್ಟ್ ಬಂದರೆ ಕೀ, ರಿಲೇ, ಕ್ಲಚ್ ಪೆಡಲಿನ ಸ್ವಿಚ್ಚು ಎಲ್ಲ ನಿರ್ದೋಷಿ. ಬರದಿದ್ದರೆ ಸೆಲ್ಫ್ ನಿರ್ದೋಷಿ.

ತಮ್ಮ: ಈಗ ಕೀಯೇ ಇಲ್ಲದ ಕಾರುಗಳು. ಗುಂಡಿ ಒತ್ತಿದರೆ ಕಂಪ್ಯೂಟರು ತೀರ್ಮಾನಿಸುತ್ತದೆ. ನಿನ್ನ ಮೀಟರು ಅಲ್ಲಿ ಏನು ಮಾಡೀತು?

ಅಕ್ಕ: ಅಲ್ಲೂ ಅದೇ ಟರ್ಮಿನಲ್ಲಿನ ಅಳತೆ ಪ್ರಪಂಚವನ್ನು ಎರಡು ಭಾಗ ಮಾಡುತ್ತದೆ. ಅಪ್ಪಣೆ ಬಂತೋ ಇಲ್ಲವೋ. ಬಂದು ತಿರುಗದಿದ್ದರೆ ಹಳೆಯ ಕಾರಿಗೂ ಹೊಸದಕ್ಕೂ ವ್ಯತ್ಯಾಸವಿಲ್ಲ. ಬರದಿದ್ದರೆ ರಿಮೋಟಿನ ಸಣ್ಣ ಸೆಲ್ಲು, ಬ್ರೇಕ್ ಪೆಡಲಿನ ಸ್ವಿಚ್ಚು, ಇಮ್ಮೊಬಿಲೈಸರ್ ದೀಪ ಇವಿಷ್ಟನ್ನು ನೋಡಿ, ಉಳಿದದ್ದನ್ನು ಸ್ಕ್ಯಾನರ್ ಇರುವವರಿಗೆ ಬಿಡುವುದೇ ಸರಿ. ಎಂಜಿನ್ ತಾನಾಗಿ ನಿಂತು ತಾನಾಗಿ ಹೊರಡುವ ಕಾರುಗಳ ಬ್ಯಾಟರಿ ಬೇರೆ ಜಾತಿಯದು, ಅದರ ಬದಲಿಗೆ ಸಾಮಾನ್ಯ ಬ್ಯಾಟರಿ ಹಾಕಬಾರದು. ಕಿತ್ತಳೆ ಬಣ್ಣದ ಕೇಬಲ್ಲುಗಳಿರುವ ಹೈಬ್ರಿಡ್ ಕಾರಿನ ತಂಟೆಗೆ ಮನೆಯಲ್ಲಿ ಹೋಗಲೇಬಾರದು, ಅದು ಪ್ರಾಣ ತೆಗೆಯುವ ವೋಲ್ಟೇಜು.

ತಮ್ಮ: ಪ್ರಾಣದ ಮಾತು ಬಂದದ್ದೂ ಒಳ್ಳೆಯದಾಯಿತು. ಕಾರಿನ ಕೆಳಗೆ ನುಗ್ಗುವುದು, ಸ್ಕ್ರೂಡ್ರೈವರಿನಿಂದ ಸೆಲ್ಫಿಗೆ ಶಾರ್ಟ್ ಕೊಡುವುದು, ಇವೆಲ್ಲ ಅಪಾಯ. ಇದಕ್ಕಾಗಿಯಾದರೂ ಗ್ಯಾರೇಜಿಗೆ ಬಿಡುವುದೇ ವಿವೇಕ ಅಲ್ಲವೇ?

ಅಕ್ಕ: ಈ ಆಕ್ಷೇಪ ನಿಜವಾದದ್ದು, ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಕಾರು ಗೇರಿನಲ್ಲಿರುವಾಗ ಹೊರಗಿನಿಂದ ಸೆಲ್ಫಿಗೆ ಶಾರ್ಟ್ ಕೊಟ್ಟರೆ ಕಾರು ಎದುರಿಗಿದ್ದವರ ಮೇಲೇ ಹರಿಯುತ್ತದೆ. ಸ್ಕ್ರೂಡ್ರೈವರಿನ ಆ ವಿದ್ಯೆಯನ್ನು ನಾನು ಬಳಸುವುದಿಲ್ಲ. ಅದು ಕೊಡುವ ಮಾಹಿತಿಯನ್ನೆಲ್ಲ ಮೀಟರು ಕಿಡಿಯಿಲ್ಲದೆ ಕೊಡುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬಾರದು, ಭದ್ರವಾದ ಸ್ಟ್ಯಾಂಡ್ ಇಲ್ಲದಿದ್ದರೆ, ಸೆಲ್ಫ್ ಮೇಲಿನಿಂದ ಕೈಗೆಟುಕದ ಜಾಗದಲ್ಲಿದ್ದರೆ, ಬಿಚ್ಚುವ ಕೆಲಸ ನಿನ್ನದಲ್ಲ. ಉಂಗುರ, ಲೋಹದ ವಾಚು ತೆಗೆದಿಡಬೇಕು. ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಯಲ್ಲಿ ಹಾಕಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಾಗಿದರೂ ಆಗ ಸರ್ಕೀಟು ಪೂರ್ತಿಯಾಗುವುದಿಲ್ಲ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಬೆಂಕಿ ಬೇಡ. ಆದರೆ ಗಮನಿಸು: ನಾನು ಇಲ್ಲಿಯವರೆಗೆ ಹೇಳಿದ ಅಳತೆಗಳಲ್ಲಿ ಹೆಚ್ಚಿನವಕ್ಕೆ ಕಾರಿನ ಕೆಳಗೆ ಹೋಗುವ ಅಗತ್ಯವೇ ಇಲ್ಲ. ನನ್ನ ವಾದ ಎಲ್ಲರೂ ಸೆಲ್ಫ್ ಬಿಚ್ಚಬೇಕು ಎಂದಲ್ಲ. ರೋಗ ಗುರುತಿಸುವ ಕೆಲಸ ಮನೆಯಲ್ಲೇ ಆಗಲಿ ಎಂದು. ಬಹಳ ಸಲ ಅಷ್ಟರಲ್ಲೇ ರಿಪೇರಿಯೂ ಮುಗಿದಿರುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಕ್ಲ್ಯಾಂಪಿನ ಮೇಲಿನ ಬಿಳಿ-ಹಸಿರು ಪುಡಿಯನ್ನು ತೊಳೆದು, ಆ ನೀರು ಬ್ಯಾಟರಿಯೊಳಗೆ ಹೋಗದಂತೆ ನೋಡಿಕೊಂಡು, ಕಂಬವನ್ನೂ ಕ್ಲ್ಯಾಂಪನ್ನೂ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿದರೆ ಎಷ್ಟೋ ‘ಹೋದ’ ಸೆಲ್ಫುಗಳು ಎದ್ದು ಕೂರುತ್ತವೆ.

ತಮ್ಮ: ಎಲ್ಲ ಅಳೆದೆವು. ಕೇಬಲ್ ಸರಿ, ಅರ್ಥ್ ಸರಿ, ಅಪ್ಪಣೆ ಬರುತ್ತಿದೆ, ಆದರೂ ತಿರುಗುವುದಿಲ್ಲ. ಈಗಲಾದರೂ ಸೆಲ್ಫೇ ಕೆಟ್ಟದ್ದು ಅನ್ನಬಹುದಲ್ಲ?

ಅಕ್ಕ: ಈಗ ಅನ್ನಬಹುದು, ಆದರೂ ಅದರೊಳಗೆ ಯಾವುದು ಎಂಬ ಪ್ರಶ್ನೆ ಉಳಿದಿದೆ. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಮೀಟರಿಟ್ಟು ಕೀ ತಿರುಗಿಸು. ‘ಟಕ್’ ಬಂದ ಮೇಲೂ 12 ವೋಲ್ಟ್ ಹಾಗೇ ತೋರಿಸಿದರೆ ಬಿಲ್ಲೆ ಕರೆಂಟು ದಾಟಿಸುತ್ತಿಲ್ಲ. ಸೊನ್ನೆಗೆ ಹತ್ತಿರ ಬಂದು, ಮೋಟಾರಿನ ಬೋಲ್ಟಿನಲ್ಲಿ ಪೂರ್ತಿ ವೋಲ್ಟ್ ಇದ್ದೂ ಅದು ತಿರುಗದಿದ್ದರೆ ಬ್ರಷ್ಷು ಅಥವಾ ಆರ್ಮೇಚರು. ಇಲ್ಲಿ ಬ್ಯಾಟರಿಯ ವೋಲ್ಟೂ ಮಾತಾಡುತ್ತದೆ. ನಿಂತ ಮೋಟಾರು ಅತಿ ಹೆಚ್ಚು ಕರೆಂಟು ಎಳೆಯುತ್ತದೆ. ತಿರುಗಿದಂತೆಲ್ಲ ಅದೇ ಎದುರು ವೋಲ್ಟೇಜು ಹುಟ್ಟಿಸಿ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಶಾಫ್ಟಿಗೆ ಆಸರೆಯಾದ ಬುಷ್ ಸವೆದು ಆರ್ಮೇಚರು ಗೋಡೆಗೆ ಉಜ್ಜುತ್ತಿದ್ದರೆ ಬ್ಯಾಟರಿ ಆಳಕ್ಕೆ ಕುಸಿಯುತ್ತದೆ. ಬ್ರಷ್ ತಾಗದಿದ್ದರೆ ಬ್ಯಾಟರಿ ಏನೂ ಆಗದಂತೆ 12.5ರಲ್ಲೇ ನಿಂತಿರುತ್ತದೆ.

ಬಿಚ್ಚಿದ ಸೆಲ್ಫನ್ನು ವೈಸಿನಲ್ಲಿ ಬಿಗಿದೇ ಪರೀಕ್ಷಿಸಬೇಕು, ಕೈಯಲ್ಲಿ ಹಿಡಿದರೆ ಒಮ್ಮೆಗೇ ಒದೆಯುತ್ತದೆ. ಕೆಲವೇ ಸೆಕೆಂಡು ಸಾಕು. ಕಾರಿನಲ್ಲೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಒಂದು ನಿಮಿಷವಾದರೂ ಬಿಡಬೇಕು. ಅದರ ಕಾರಣ ಈ ಯಂತ್ರದ ಹುಟ್ಟಿನಲ್ಲೇ ಇದೆ. ಎಂಜಿನ್ ತಿರುಗಿಸುವಷ್ಟು ಬಲದ ಮೋಟಾರು ಕಾರಿನಲ್ಲಿ ಹೊತ್ತು ತಿರುಗಲಾಗದಷ್ಟು ದೊಡ್ಡದಾಗುತ್ತದೆ ಎಂಬ ಅಭಿಪ್ರಾಯವಿದ್ದ ಕಾಲದಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದನ್ನು ಬೇರೆ ಬಗೆಯಲ್ಲಿ ಯೋಚಿಸಿದರು. ಅವರು ಹಿಂದೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಗಲ್ಲಾಪೆಟ್ಟಿಗೆಗೆ ವಿದ್ಯುತ್ ಮೋಟಾರು ಜೋಡಿಸಿದ್ದವರು. ಕ್ಷಣಮಾತ್ರ ದುಡಿಯುವ ಮೋಟಾರಿಗೆ ಅದರ ಶಕ್ತಿಗೆ ಮೀರಿದ ಹೊರೆ ಹಾಕಬಹುದು, ಬಿಸಿಯಾಗಿ ಸುಡುವ ಮೊದಲು ಕೆಲಸ ಮುಗಿದಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವರ ಸೆಲ್ಫ್ ಬಂತು. ಹ್ಯಾಂಡಲ್ ತಿರುಗಿಸಿ, ಎಂಜಿನ್ ಹಿಂದಕ್ಕೆ ಒದ್ದಾಗ ಮುಂಗೈ ಮುರಿದುಕೊಳ್ಳುವ ಕಾಲ ಹಿಂದೆ ಸರಿಯತೊಡಗಿತು. ಇಂದಿನ ಸೆಲ್ಫೂ ಅದೇ ಸಾಲದ ಶಕ್ತಿಯ ಮೇಲೆ ನಡೆಯುತ್ತದೆ. ಅರ್ಧ ನಿಮಿಷ ಎಡೆಬಿಡದೆ ಹೊಡೆದರೆ ಅದು ಸಾಲ ತೀರಿಸಲಾರದೆ ಸುಟ್ಟುಹೋಗಬಹುದು. ಬ್ಯಾಟರಿ ಸೊರಗಿದಾಗ ಮತ್ತೆ ಮತ್ತೆ ಹೊಡೆದು, ಆರೋಗ್ಯವಂತ ಸೆಲ್ಫನ್ನೇ ಕೊಲ್ಲುವವರು ಹೀಗೆ.

ತಮ್ಮ: ಬಿಚ್ಚಿದ ಮೇಲೆ ಮನೆಯಲ್ಲಿ ನಿಜವಾಗಿ ಏನು ಮಾಡಬಹುದು?

ಅಕ್ಕ: ಬ್ರಷ್ ಬದಲಿಸಬಹುದು. ಹೊಸದರ ಅರ್ಧಕ್ಕಿಂತ ಗಿಡ್ಡವಾಗಿದ್ದರೆ ಬದಲಿಸಲೇಬೇಕು. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಲ್ಲಿ, ಬೇರೆ ಊರುಗಳಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಹಳೆಯದನ್ನು ತೋರಿಸಿದರೆ ಅದಕ್ಕೆ ಹೊಂದುವ ಜೋಡಿ ಸಿಗುತ್ತದೆ. ಬ್ರಷ್ಷಿನ ಹೆಣೆದ ತಾಮ್ರದ ಬಾಲವನ್ನು ಬೆಸುಗೆ ಹಾಕುವಾಗ ಸೀಸ ಆ ಬಾಲದುದ್ದಕ್ಕೂ ಹರಡದಂತೆ ಇಕ್ಕಳದಿಂದ ಹಿಡಿದಿರಬೇಕು. ಬಾಲ ಗಡುಸಾದರೆ ಬ್ರಷ್ ತನ್ನ ಗೂಡಿನಲ್ಲಿ ಸಲೀಸಾಗಿ ಸರಿಯದೆ, ಹೊಸದಿದ್ದೂ ಹಳೆಯ ರೋಗವೇ ಬರುತ್ತದೆ. ಕಮ್ಯುಟೇಟರನ್ನು ನುಣುಪಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಪಟ್ಟಿಗಳ ನಡುವಿನ ಗೀರುಗಳಲ್ಲಿ ಸೇರಿದ ಕಾರ್ಬನ್ ಪುಡಿಯನ್ನು ತೆಗೆಯಬೇಕು. ಒಂದು ಪಟ್ಟಿ ಮಾತ್ರ ಸುಟ್ಟು ಕಪ್ಪಾಗಿದ್ದರೆ ಅಲ್ಲಿಯ ಸುತ್ತು ತುಂಡಾಗಿದೆ, ಅದು ಮನೆಯ ಕೆಲಸವಲ್ಲ. ಪಟ್ಟಿಗೂ ಆರ್ಮೇಚರಿನ ಶಾಫ್ಟಿಗೂ ನಡುವೆ ಮೀಟರು ಸಂಬಂಧ ತೋರಿಸಿದರೆ ಆರ್ಮೇಚರು ಮೈಗೆ ತಾಗಿದೆ, ಅದೂ ಅಷ್ಟೇ. ಸೊಲೆನಾಯ್ಡಿನ ಮುಚ್ಚಳ ಸ್ಕ್ರೂಗಳಿಂದ ಕೂತಿದ್ದರೆ ತೆಗೆದು, ಸುಟ್ಟ ತಾಮ್ರದ ತುಂಡುಗಳನ್ನು ಬದಲಿಸಬಹುದು. ಮಡಚಿ ಮುಚ್ಚಿದ್ದರೆ ಸೊಲೆನಾಯ್ಡನ್ನೇ ಬದಲಿಸುವುದು ಮೇಲು. ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯಬೇಡ, ಒಳಗಿನ ಗ್ರೀಸು ಕರಗಿಹೋಗಿ ಕ್ಲಚ್ಚು ಬೇಗ ಸಾಯುತ್ತದೆ. ಬಟ್ಟೆಯಿಂದ ಒರೆಸು, ಶಾಫ್ಟಿನ ಮೇಲೆ ತೆಳ್ಳಗೆ ಗ್ರೀಸು ಸಾಕು. ಸೆಲ್ಫಿನ ಮೇಲೆ ಎಂಜಿನ್ ಎಣ್ಣೆ ಸೋರಿ ಕಾರ್ಬನ್ ಪುಡಿಯ ಜೊತೆ ಕೆಸರಾಗಿದ್ದರೆ ಆ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಹೊಸ ಬ್ರಷ್ಷಿಗೂ ಅದೇ ಗತಿ.

ತಮ್ಮ: ಕೊನೆಗೆ ಆರ್ಮೇಚರು ಸುಟ್ಟಿದೆ, ರಿಂಗ್ ಗೇರು ಸವೆದಿದೆ ಎಂದಾದರೆ ಅಂಗಡಿಗೇ ಹೋಗಬೇಕು. ಆಗ ಇಷ್ಟು ದುಡಿದದ್ದು ವ್ಯರ್ಥ ಅನಿಸುವುದಿಲ್ಲವೇ?

ಅಕ್ಕ: ಇಲ್ಲ. ರಿವೈಂಡಿಂಗು, ಬುಷ್ ಕೂರಿಸುವುದು, ಗೇರ್‌ಬಾಕ್ಸ್ ಇಳಿಸಿ ರಿಂಗ್ ಗೇರ್ ಹಾಕುವುದು ಕಸುಬು ಬಲ್ಲವರ ಕೆಲಸ, ಅವರಿಗೇ ಸೇರಬೇಕು. ಆದರೆ ನೀನು ಹೋಗುವಾಗ ‘ಸೆಲ್ಫ್ ಹೋಗಿದೆ’ ಎಂದು ಹೇಳುವುದಿಲ್ಲ. ತಣ್ಣಗಿದ್ದಾಗ ಬ್ಯಾಟರಿ 12.6, ಹೊಡೆದಾಗ 8.4, ಬೇರೆ ಬ್ಯಾಟರಿ ಕೊಟ್ಟರೂ ಅದೇ ಕುಸಿತ, ಪಾಸಿಟಿವ್ ಕಡೆ ನಷ್ಟ 0.3, ಅರ್ಥ್ ಕಡೆ 0.1 ಎಂಬಂಥ ಚೀಟಿ ಕೊಡುತ್ತೀಯ. ಅದನ್ನು ಓದಿದ ಒಳ್ಳೆಯ ಎಲೆಕ್ಟ್ರಿಷಿಯನ್ ಬ್ಯಾಟರಿ, ಕೇಬಲ್ ಎಂದು ಹುಡುಕದೆ ನೇರ ಸೆಲ್ಫಿನ ಬುಷ್ಷಿಗೆ ಹೋಗುತ್ತಾರೆ. ಅವರ ಸಮಯವೂ ಉಳಿಯಿತು, ನಿನ್ನ ಹಣವೂ ಉಳಿಯಿತು. ಸೆಲ್ಫ್ ವಾಪಸ್ ಕೂರಿಸುವಾಗ ತಾಮ್ರದ ಬೋಲ್ಟಿನ ನಟ್ಟನ್ನು ಹದವಾಗಿ ಬಿಗಿ, ಬಲ ಹೆಚ್ಚಾದರೆ ಬೋಲ್ಟು ಮುರಿಯುತ್ತದೆ ಅಥವಾ ಮುಚ್ಚಳ ಸೀಳುತ್ತದೆ. ಕೇಬಲ್ ಲಗ್ಗು ಸೊಲೆನಾಯ್ಡಿನ ಮೈಗೆ ತಾಗದಂತಿರಲಿ. ಆಮೇಲೆ ಪಾಸಿಟಿವ್ ಕಡೆ, ಅರ್ಥ್ ಕಡೆ ಎರಡನ್ನೂ ಮತ್ತೊಮ್ಮೆ ಅಳೆದು, ಆ ಸಂಖ್ಯೆಗಳನ್ನು ತಾರೀಖಿನ ಜೊತೆ ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡು. ಮಳೆಗಾಲ ಮುಗಿದ ಮೇಲೆ ಒಮ್ಮೆ ಅಳೆದು ಹೋಲಿಸಿದಾಗ ಅರ್ಥ್ ಕಡೆಯ ನಷ್ಟ 0.1ರಿಂದ 0.4ಕ್ಕೆ ಏರಿದ್ದರೆ, ಕಾರು ಇನ್ನೂ ಸರಿಯಾಗಿ ಸ್ಟಾರ್ಟ್ ಆಗುತ್ತಿರುವಾಗಲೇ ಅರ್ಥ್ ಪಟ್ಟಿಯನ್ನು ಬಿಚ್ಚಿ ಉಜ್ಜಬಹುದು.